ವೆಸ್ಟ್ ಪಾಯಿಂಟ್ ಹಡಗಿನ ಯುದ್ಧಕಾಲದ ಓಡಾಟ: ಹ್ಯಾಲಿಫ್ಯಾಕ್ಸ್, ಮುಂಬಯಿ, ಸಿಂಗಾಪುರ

ಕಡಲಂಚಿನ ಓದುಗ

ಎರಡನೇ ಮಹಾಯುದ್ಧದ ಹಡಗುಗಳ ಮಾತು ಬಂದರೆ ಎಲ್ಲರೂ ಬಿಸ್ಮಾರ್ಕ್, ಯಮಾಟೊ ಅಂತ ದೊಡ್ಡ ಫಿರಂಗಿಗಳ ಹಡಗುಗಳ ಕಡೆಗೇ ಹೋಗುತ್ತಾರೆ. ಸೈನಿಕರನ್ನು ಹೊತ್ತುಕೊಂಡು ಹೋದ ಹಡಗುಗಳ ಬಗ್ಗೆ ಜಾಸ್ತಿ ಬರೆಯುವವರಿಲ್ಲ. ನನಗೆ ಆಸಕ್ತಿ ಇರೋದು ಇವುಗಳ ಮೇಲೇ. ಅದರಲ್ಲೂ ಅಮೆರಿಕದ ನೌಕಾಪಡೆಯ ವೆಸ್ಟ್ ಪಾಯಿಂಟ್ ಮೇಲೆ. ಅದು ಮುಂಬಯಿಗೆ ಬಂದಿತ್ತು. ಅಲ್ಲಿಂದ ಸಿಂಗಾಪುರಕ್ಕೆ ಹೋಯಿತು. ಆ ಒಂದು ಪಯಣದ ಬಗ್ಗೆಯೇ ಮುಖ್ಯವಾಗಿ ಬರೆಯುತ್ತೇನೆ.

ಹಡಗಿನ ಮೊದಲ ಹೆಸರು ಅಮೆರಿಕ. ವಿನ್ಯಾಸ ಮಾಡಿದವರು ವಿಲಿಯಂ ಫ್ರಾನ್ಸಿಸ್ ಗಿಬ್ಸ್. ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯಲ್ಲಿ 1938ರಲ್ಲಿ ಕೆಲಸ ಶುರುವಾಯಿತು. ಉದ್ದ 723 ಅಡಿ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲೀನರ್ ರೂಸ್‌ವೆಲ್ಟ್ 1939ರ ಆಗಸ್ಟ್ 31ರಂದು ಇದನ್ನು ನೀರಿಗಿಳಿಸಿದರು. ಮರುದಿನ ಬೆಳಗ್ಗೆ ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತು.

ಅಟ್ಲಾಂಟಿಕ್ ದಾಟಿ ಯುರೋಪಿಗೆ ಹೋಗಲೆಂದೇ ಕಟ್ಟಿದ ಹಡಗು ಅದು. ಆದರೆ ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು, ಅಮೆರಿಕ ತಟಸ್ಥ ದೇಶ. ಯುದ್ಧ ನಡೆಯೋ ಕಡೆ ತನ್ನ ಹಡಗುಗಳು ಹೋಗಬಾರದು ಅಂತ ಅಲ್ಲಿ ಕಾನೂನೇ ಇತ್ತು. ಹಾಗಾಗಿ 1940ರ ಆಗಸ್ಟಿನಲ್ಲಿ ಮೊದಲ ಪ್ರಯಾಣ ಹೊರಟಾಗ ಇದು ಕೆರಿಬಿಯನ್ ಕಡೆ ತಿರುಗಿತು. ಜಲಾಂತರ್ಗಾಮಿಗಳು ತಪ್ಪು ತಿಳಿಯದಿರಲಿ ಅಂತ ಹಡಗಿನ ಎರಡೂ ಮಗ್ಗುಲಿಗೆ ದೊಡ್ಡ ದೊಡ್ಡ ಅಮೆರಿಕನ್ ಬಾವುಟ ಬರೆದಿದ್ದರು, ಕಂಪನಿಯ ಹೆಸರನ್ನು ದೂರದಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರು.

1941ರ ಜೂನ್ 1ರಂದು ನೌಕಾಪಡೆ ಇದನ್ನು ತೆಗೆದುಕೊಂಡಿತು. ಹೆಸರು ವೆಸ್ಟ್ ಪಾಯಿಂಟ್ ಆಯಿತು, ನಂಬರ್ ಎಪಿ-23. ಜೂನ್ 15ರಂದು ಕ್ಯಾಪ್ಟನ್ ಫ್ರಾಂಕ್ ಕೆಲ್ಲಿ ಅವರ ಕೈಕೆಳಗೆ ಸೇವೆಗೆ ಸೇರಿತು. ಪಿಂಗಾಣಿ, ಕಾರ್ಪೆಟ್, ಪೀಠೋಪಕರಣ ಎಲ್ಲ ಇಳಿಸಿ, ಕ್ಯಾನ್ವಾಸಿನ ಬಂಕುಗಳನ್ನು ಒಂದರ ಮೇಲೊಂದು ಜೋಡಿಸಿದರು. ಕಿಟಕಿಗಳನ್ನು ಮುಚ್ಚಿದರು. ವಿಮಾನ ಹೊಡೆಯೋ ಗನ್ನುಗಳು ಬಂದವು. ಸುಮಾರು 1,200 ಪ್ರಯಾಣಿಕರಿಗೆ ಅಂತ ಕಟ್ಟಿದ್ದ ಹಡಗು ಕೊನೆಕೊನೆಗೆ 8,000ಕ್ಕೂ ಜಾಸ್ತಿ ಸೈನಿಕರನ್ನು ಹೊರುವಂತಾಯಿತು.

ಮುಂದಿನ ಭಾಗ ನಾಳೆ ಹಾಕುತ್ತೇನೆ. ಈ ಹಡಗಿನ ಬಗ್ಗೆ ಗೊತ್ತಿರೋರು ಇದ್ದರೆ ದಯವಿಟ್ಟು ಸೇರಿಸಿ.

ಬಯಲುಸೀಮೆ

ಒಳ್ಳೆ ವಿಷಯ ಎತ್ತಿದ್ದೀರಿ ಸರ್. ಇದೇ ಹಡಗಿನಲ್ಲಿ ಜರ್ಮನ್ ಗೂಢಚಾರರು ಕೆಲಸಕ್ಕಿದ್ದರು, ಅದನ್ನೂ ಬರೆಯಿರಿ.

ಕಡಲಂಚಿನ ಓದುಗ

ಹೌದು, ಡ್ಯೂಕೇನ್ ಗೂಢಚಾರ ಜಾಲ. ಅದರಲ್ಲಿ ಇಬ್ಬರು ಈ ಹಡಗಿನ ಸಿಬ್ಬಂದಿ. ಎರ್ವಿನ್ ಸೀಗ್ಲರ್ ಹಡಗಿನ ಮುಖ್ಯ ಕಟುಕ. ಇನ್ನೊಬ್ಬ ಫ್ರಾಂಜ್ ಸ್ಟಿಗ್ಲರ್. ಹಡಗು ಪನಾಮಾ ಕಾಲುವೆ ಕಡೆ ಹೋಗಿ ಬರುವಾಗ ಅಲ್ಲಿನ ರಕ್ಷಣಾ ಕೆಲಸಗಳನ್ನು ನೋಡಿ ಜರ್ಮನಿಗೆ ಸುದ್ದಿ ಮುಟ್ಟಿಸುತ್ತಿದ್ದರು. ವಿಲಿಯಂ ಸೆಬೋಲ್ಡ್ ಅನ್ನೋ ವ್ಯಕ್ತಿಯನ್ನು ಜರ್ಮನ್ನರು ತಮ್ಮವನು ಅಂತ ನಂಬಿದ್ದರು. ಅವರು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಪರವಾಗಿ ಕೆಲಸ ಮಾಡುತ್ತಿದ್ದರು. 1941ರ ಜೂನ್ ಕೊನೆಯಲ್ಲಿ ಬಲೆ ಎಳೆದರು. ಸಿಕ್ಕಿಬಿದ್ದವರು 33 ಜನ. 33 ಜನರಿಗೂ ಶಿಕ್ಷೆಯಾಯಿತು. ಸ್ಟಿಗ್ಲರ್‌ಗೆ 16 ವರ್ಷ, ಸೀಗ್ಲರ್‌ಗೆ 10 ವರ್ಷ.

ಸಾವಿರಾರು ಸೈನಿಕರನ್ನು ಹೊರಬೇಕಾದ ಹಡಗಿನ ಅಡುಗೆಮನೆಯಲ್ಲೇ ಇವರು ಇದ್ದರು. ನೌಕಾಪಡೆ ಹಡಗನ್ನು ತೆಗೆದುಕೊಂಡ ತಿಂಗಳಲ್ಲೇ ಸಿಕ್ಕಿದ್ದು ದೊಡ್ಡ ಪುಣ್ಯ.

ತಣ್ಣೀರುಬಾವಿ

ನಾನು ಮರ್ಚೆಂಟ್ ನೇವಿಯಲ್ಲಿ ಎಂಜಿನಿಯರ್ ಆಗಿದ್ದವನು. ನೌಕಾಪಡೆಯವನಲ್ಲ. ಒಂದು ಪ್ರಶ್ನೆ: ವೆಸ್ಟ್ ಪಾಯಿಂಟ್ ಜೊತೆ ಬೆಂಗಾವಲು ಇರುತ್ತಿತ್ತಾ? ಇಷ್ಟು ದೊಡ್ಡ ಹಡಗನ್ನು ಒಂಟಿಯಾಗಿ ಕಳಿಸುತ್ತಿದ್ದರು ಅಂತ ಕೇಳಿದ್ದೇನೆ.

ಕಡಲಂಚಿನ ಓದುಗ

ಮೊದಲು ಇತ್ತು, ಆಮೇಲಾಮೇಲೆ ಬಹುಪಾಲು ಒಂಟಿಯಾಗಿಯೇ ಓಡಿತು. ಮೊದಲ ದೊಡ್ಡ ಪಯಣದ ಬೆಂಗಾವಲು ಹೇಗಿತ್ತು ಅಂತ ಹೇಳುತ್ತೇನೆ ಕೇಳಿ. ನನ್ನ ಪ್ರಕಾರ ಈ ಹಡಗಿನ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದೇ.

ಅದಕ್ಕೆ ಮುಂಚೆ ಒಂದು ಸಣ್ಣ ಕೆಲಸ ಮುಗಿಸಿತ್ತು. 1941ರ ಬೇಸಿಗೆಯಲ್ಲಿ ಅಮೆರಿಕ ಜರ್ಮನಿ ಮತ್ತು ಇಟಲಿಯ ಕಾನ್ಸುಲೇಟುಗಳನ್ನು ಮುಚ್ಚಿಸಿತು. ಆ ಸಿಬ್ಬಂದಿಯನ್ನು, ಅವರ ಮನೆಯವರನ್ನು ಹತ್ತಿಸಿಕೊಂಡು ಜುಲೈನಲ್ಲಿ ಲಿಸ್ಬನ್‌ಗೆ ಬಿಟ್ಟು ಬಂತು. ವಾಪಸ್ ಬರುವಾಗ ಯುರೋಪಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಮೆರಿಕನ್ನರನ್ನು ಕರೆತಂದಿತು.

ಈಗ ನವೆಂಬರ್ 1941. ಬ್ರಿಟನ್ನಿಗೆ ಹಡಗುಗಳ ತೀರಾ ಕೊರತೆ. ಮಧ್ಯಪ್ರಾಚ್ಯಕ್ಕೆ ಸೈನ್ಯ ಕಳಿಸಬೇಕು, ಸಾಗಿಸೋಕೆ ಹಡಗಿಲ್ಲ. ಚರ್ಚಿಲ್ ರೂಸ್‌ವೆಲ್ಟ್ ಅವರನ್ನು ಕೇಳಿದರು, ರೂಸ್‌ವೆಲ್ಟ್ ಒಪ್ಪಿದರು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಇದನ್ನು ಗಮನಿಸಿ. ಬ್ರಿಟಿಷ್ ಹಡಗುಗಳು ಸೈನಿಕರನ್ನು ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ತಂದವು. ಅಲ್ಲಿ ಅವರನ್ನು ಅಮೆರಿಕದ 6 ಹಡಗುಗಳಿಗೆ ಹತ್ತಿಸಿದರು: ವೆಸ್ಟ್ ಪಾಯಿಂಟ್, ವೇಕ್‌ಫೀಲ್ಡ್, ಮೌಂಟ್ ವರ್ನನ್, ಲಿಯೊನಾರ್ಡ್ ವುಡ್, ಜೋಸೆಫ್ ಟಿ. ಡಿಕ್‌ಮನ್, ಒರಿಜಾಬಾ. ಜೊತೆಗೆ ವಿಮಾನವಾಹಕ ರೇಂಜರ್, ಕ್ರೂಸರುಗಳಾದ ಕ್ವಿನ್ಸಿ ಮತ್ತು ವಿನ್ಸೆನ್ಸ್, ಒಂದಷ್ಟು ಡಿಸ್ಟ್ರಾಯರುಗಳು. ತಟಸ್ಥ ದೇಶವೊಂದು ಯುದ್ಧದಲ್ಲಿರೋ ದೇಶದ ಇಡೀ ಡಿವಿಷನ್ನನ್ನು (ಸಾವಿರಾರು ಸೈನಿಕರ ದೊಡ್ಡ ಪಡೆ) ತನ್ನ ನೌಕಾಪಡೆಯ ಕಾವಲಲ್ಲಿ ಸಾಗಿಸಿತು. ಹಿಟ್ಲರನ ಜಲಾಂತರ್ಗಾಮಿ ಯಾವುದಾದರೂ ಆವತ್ತು ಟಾರ್ಪಿಡೊ ಬಿಟ್ಟಿದ್ದರೆ ಅಮೆರಿಕದ ಯುದ್ಧ ಪರ್ಲ್ ಹಾರ್ಬರಿನಲ್ಲಿ ಅಲ್ಲ, ಅಟ್ಲಾಂಟಿಕ್‌ನಲ್ಲೇ ಶುರುವಾಗುತ್ತಿತ್ತೇನೋ.

ಹೀಗೆ ಒಟ್ಟಾಗಿ ಸಾಗುವ ಹಡಗುಗಳ ಗುಂಪಿಗೆ ಕಾನ್ವಾಯ್ ಅಂತಾರೆ. ಈ ಕಾನ್ವಾಯ್ ಹೆಸರು ಡಬ್ಲ್ಯುಎಸ್-12ಎಕ್ಸ್. ಹೊರಟಿದ್ದು ನವೆಂಬರ್ 10ರಂದು. ವೆಸ್ಟ್ ಪಾಯಿಂಟಿನಲ್ಲಿ ಸುಮಾರು 5,400 ಸೈನಿಕರು. ಎಲ್ಲರೂ ಬ್ರಿಟಿಷ್ 18ನೇ ಡಿವಿಷನ್ನಿನವರು. ಹೆಚ್ಚಿನವರು ಇಂಗ್ಲೆಂಡಿನ ಪೂರ್ವ ಭಾಗದವರು, ನಾರ್ಫೋಕ್, ಸಫೋಕ್, ಕೇಂಬ್ರಿಡ್ಜ್‌ಶೈರ್ ಕಡೆಯ ರೆಜಿಮೆಂಟುಗಳು. ಮರಳುಗಾಡಿನ ಯುದ್ಧಕ್ಕೆ ಹೋಗುತ್ತೇವೆ ಅನ್ನೋದು ಅವರ ತಲೆಯಲ್ಲಿತ್ತು.

ಇವರು ಆಫ್ರಿಕಾದ ತುದಿ ಸುತ್ತಿಕೊಂಡು ಕೇಪ್‌ಟೌನ್ ಮುಟ್ಟಿದ್ದು ಡಿಸೆಂಬರ್ 9ಕ್ಕೆ. ಅದಕ್ಕೆ ಎರಡು ದಿನ ಮುಂಚೆ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದಿತ್ತು. ಸಿಂಗಾಪುರದ ಪಕ್ಕದ ಮಲಯಾದಲ್ಲಿ (ಇಂದಿನ ಮಲೇಷ್ಯಾ) ಜಪಾನಿ ಸೈನ್ಯ ಇಳಿದಿತ್ತು. ಹೊರಟಾಗ ತಟಸ್ಥವಾಗಿದ್ದ ಹಡಗು, ಬಂದರು ಸೇರುವಾಗ ಯುದ್ಧದ ಹಡಗು.

ಅಲ್ಲಿಂದ ದಾರಿ ಬದಲಾಯಿತು. ಡಿಸೆಂಬರ್ 27ರಂದು ವೆಸ್ಟ್ ಪಾಯಿಂಟ್ ಮುಂಬಯಿಗೆ ಬಂತು. ಸೈನಿಕರು ಇಳಿದರು, ಅವರಲ್ಲಿ ಬಹಳ ಜನರನ್ನು ಅಹ್ಮದ್‌ನಗರದ ಕಡೆ ಕಳಿಸಿ ಕೆಲವು ವಾರ ಕವಾಯತು ಮಾಡಿಸಿದರು. ಮೌಂಟ್ ವರ್ನನ್ ಮಾತ್ರ ಬೇರೆ ದಾರಿ ಹಿಡಿಯಿತು. ಡಿವಿಷನ್ನಿನ ಒಂದು ಬ್ರಿಗೇಡನ್ನು ಹೊತ್ತು ಮೊಂಬಾಸಾ ಮೂಲಕ ಜನವರಿ 13ಕ್ಕೇ ಸಿಂಗಾಪುರ ಮುಟ್ಟಿತು. ಎರಡು ತಿಂಗಳಿಗೂ ಜಾಸ್ತಿ ಕಡಲಿನಲ್ಲೇ ಕಳೆದವರನ್ನು ಇಳಿಸಿದ ಕೆಲವೇ ದಿನಕ್ಕೆ ಮಲಯಾದ ದಕ್ಷಿಣ ತುದಿಯ ಜೋಹೋರ್‌ನ ಕಾಡಿನ ಯುದ್ಧಕ್ಕೆ ನೂಕಿದರು.

ರೈಲುದಾರಿ

ಅಹ್ಮದ್‌ನಗರ ಒಣ ಬಯಲು. ರಬ್ಬರ್ ತೋಟ, ಮಳೆಕಾಡು ಇರೋ ಮಲಯಾಕ್ಕೆ ಹೋಗೋರಿಗೆ ಅಲ್ಲಿ ಎಂಥ ತರಬೇತಿ ಸಿಕ್ಕೀತು?

ಕಡಲಂಚಿನ ಓದುಗ

ಅದೇ ನೋವು. ಮರಳುಗಾಡಿಗೆ ತಯಾರಾದವರು, ಡೆಕ್ ಮೇಲೆ ವಾರಗಟ್ಟಲೆ ಕೂತು ಕಾಲು ಜಡ್ಡುಗಟ್ಟಿದವರು. ಕಾಡಿನ ಯುದ್ಧದ ಅಭ್ಯಾಸ ಅವರಿಗೆ ಸಿಗಲೇ ಇಲ್ಲ.

ಜನವರಿ 1942ರಲ್ಲಿ ವೆಸ್ಟ್ ಪಾಯಿಂಟ್ ಮತ್ತು ವೇಕ್‌ಫೀಲ್ಡ್ ಮುಂಬಯಿಯಲ್ಲಿ ಮತ್ತೆ ಸೈನಿಕರನ್ನು ಹತ್ತಿಸಿಕೊಂಡವು. ಜೊತೆಗೆ ಡಚೆಸ್ ಆಫ್ ಬೆಡ್‌ಫರ್ಡ್, ಎಂಪ್ರೆಸ್ ಆಫ್ ಜಪಾನ್, ಎಂಪೈರ್ ಸ್ಟಾರ್. ಸುಂಡಾ ಜಲಸಂಧಿ ಹೊಕ್ಕು, ಬಂಕಾ ಜಲಸಂಧಿ ದಾಟಿ, ಜನವರಿ 29ರಂದು ಸಿಂಗಾಪುರ ಸೇರಿದವು. ಆ ಹೊತ್ತಿಗೆ ಮಲಯಾ ಪೂರ್ತಿ ಕೈಬಿಟ್ಟಂತೆಯೇ. ಎರಡು ದಿನ ಕಳೆದು, ಜನವರಿ 31ರಂದು, ದ್ವೀಪವನ್ನು ನೆಲಕ್ಕೆ ಜೋಡಿಸುತ್ತಿದ್ದ ಜೋಹೋರ್ ಸೇತುದಾರಿಯನ್ನು ಬ್ರಿಟಿಷರೇ ಸ್ಫೋಟಿಸಿದರು.

30ರ ಬೆಳಗ್ಗೆ ಕೆಪೆಲ್ ಬಂದರಿನ ಮೇಲೆ ಜಪಾನಿ ವಿಮಾನಗಳು ಬಂದವು. ವೆಸ್ಟ್ ಪಾಯಿಂಟಿನ ಅಕ್ಕಪಕ್ಕ ಬಾಂಬುಗಳು ಬಿದ್ದು ಚೂರುಗಳು ಡೆಕ್ ಮೇಲೆ ಸಿಡಿದವು. ವೇಕ್‌ಫೀಲ್ಡಿಗೆ ನೇರವಾಗಿ ಒಂದು ಬಾಂಬ್ ಬಿತ್ತು. ಅದು ಹಡಗಿನ ಆಸ್ಪತ್ರೆ ಕೋಣೆಯಲ್ಲೇ ಸಿಡಿದು 5 ಜನ ಸತ್ತರು. ವೆಸ್ಟ್ ಪಾಯಿಂಟಿನವರು ತಮ್ಮ ವೈದ್ಯಕೀಯ ತಂಡವನ್ನು ಅಲ್ಲಿಗೆ ಕಳಿಸಿದರು.

ಅದೇ ದಿನ ಎರಡೂ ಹಡಗುಗಳು ವಾಪಸ್ ಹೊರಟವು. ಈ ಸಲ ವೆಸ್ಟ್ ಪಾಯಿಂಟಿನಲ್ಲಿ ಸಿಂಗಾಪುರ ಬಿಟ್ಟು ಹೊರಟ 1,276 ಜನ. ನೌಕಾನೆಲೆಯ ಕೆಲಸಗಾರರು, ಅವರ ಹೆಂಡತಿ ಮಕ್ಕಳು, ನಾವಿಕರು, ಒಂದಿಷ್ಟು ವಾಯುಪಡೆಯವರು. ಬಟಾವಿಯಾ (ಇಂದಿನ ಜಕಾರ್ತ), ಕೊಲಂಬೊ ದಾಟಿ ಮತ್ತೆ ಮುಂಬಯಿ.

ಫೆಬ್ರವರಿ 15ರಂದು ಸಿಂಗಾಪುರ ಶರಣಾಯಿತು. ಹಡಗಿನಿಂದ ಇಳಿದ ಸೈನಿಕರಿಗೆ ಸಿಕ್ಕಿದ್ದು ಎರಡು ವಾರಕ್ಕಿಂತ ಸ್ವಲ್ಪ ಜಾಸ್ತಿ ಸಮಯ. ಆಮೇಲೆ ಮೂರೂವರೆ ವರ್ಷ ಸೆರೆ. ಅವರಲ್ಲಿ ಸಾವಿರಾರು ಜನರನ್ನು ಥಾಯ್ಲೆಂಡ್-ಬರ್ಮಾ ರೈಲುದಾರಿ ಕಟ್ಟಲು ಒಯ್ದರು. ಡಿವಿಷನ್ನಿನ ಮುಖ್ಯಸ್ಥ ಮೇಜರ್ ಜನರಲ್ ಬೆಕ್‌ವಿತ್-ಸ್ಮಿತ್ ಆ ವರ್ಷದ ನವೆಂಬರಿನಲ್ಲಿ ಫಾರ್ಮೋಸಾದ (ಇಂದಿನ ತೈವಾನ್) ಸೆರೆಮನೆಯಲ್ಲಿ ಕಾಯಿಲೆಯಿಂದ ತೀರಿಕೊಂಡರು.

ಹಡಗಿನ ಸೇವಾ ದಾಖಲೆಯಲ್ಲಿ ಈ ಪಯಣ ಯಶಸ್ವಿ. ಸೈನಿಕರನ್ನು ಹೇಳಿದ ಜಾಗಕ್ಕೆ ಸುರಕ್ಷಿತವಾಗಿ ಮುಟ್ಟಿಸಿತು. ಅದಕ್ಕೇ ಹೇಳೋದು, ಇಂಥ ಹಡಗಿನ ಚರಿತ್ರೆಯನ್ನು ಬಂದರಿನಲ್ಲೇ ನಿಲ್ಲಿಸಬಾರದು. ಇಳಿದವರು ಏನಾದರು ಅನ್ನೋದನ್ನೂ ಸೇರಿಸಿ ಬರೆಯಬೇಕು.

ಬಯಲುಸೀಮೆ

ಇದನ್ನು ನಾನು ಪೂರ್ತಿ ಒಪ್ಪಲ್ಲ ಸರ್. ಹಡಗಿನ ಕೆಲಸ ಸಾಗಿಸೋದು. ಕ್ಯಾಪ್ಟನ್ ಕೆಲ್ಲಿ ಅವರಿಗೆ ಬಂದ ಆದೇಶ ಅವರು ಪಾಲಿಸಿದರು, ಅದೂ ಬಾಂಬಿನ ನಡುವೆ. ಸಿಂಗಾಪುರದ ಸೋಲನ್ನು ಹಡಗಿನ ಲೆಕ್ಕಕ್ಕೆ ಬರೆದರೆ ಆ ನಾವಿಕರಿಗೆ ಅನ್ಯಾಯ. ತಪ್ಪು ಲಂಡನ್‌ದು. ಮುಳುಗುತ್ತಿದೆ ಅಂತ ಗೊತ್ತಿದ್ದ ಕಡೆಗೆ ಯಾಕೆ ಕಳಿಸಿದರು? ಬರ್ಮಾಕ್ಕೆ ತಿರುಗಿಸಬಹುದಿತ್ತು, ಅಲ್ವಾ?

ಮಲೆನಾಡ ಮಳೆ

ತಿರುಗಿಸೋ ಯೋಚನೆ ನಿಜವಾಗಿಯೂ ಬಂದಿತ್ತು. ಜನವರಿ ಮೂರನೇ ವಾರದಲ್ಲಿ ಚರ್ಚಿಲ್ ಇದನ್ನು ತಮ್ಮ ಸೇನಾ ಮುಖ್ಯಸ್ಥರ ಮುಂದೆ ಇಟ್ಟರು. ಸಿಂಗಾಪುರ ಉಳಿಯದಿದ್ದರೆ ಸೈನ್ಯವನ್ನು ರಂಗೂನಿಗೆ ಕಳಿಸೋದು ಮೇಲಲ್ಲವೇ ಅಂತ. ಬರ್ಮಾ ರಸ್ತೆ ಉಳಿದರೆ ಚೀನಾಕ್ಕೆ ದಾರಿ ಉಳಿಯುತ್ತಿತ್ತು. ಈ ಮಾತು ಆಸ್ಟ್ರೇಲಿಯಾಕ್ಕೆ ಹೇಗೋ ಗೊತ್ತಾಯಿತು. ಪ್ರಧಾನಿ ಕರ್ಟಿನ್ ಅವರ ಹೆಸರಿನಲ್ಲಿ ಜನವರಿ 23ರಂದು ಬಲು ಖಾರವಾದ ತಂತಿ ಹೋಯಿತು. ಸಿಂಗಾಪುರವನ್ನು ಖಾಲಿ ಮಾಡಿದರೆ ಅದು ಕ್ಷಮಿಸಲಾಗದ ದ್ರೋಹ ಅನ್ನೋದು ಅದರ ಸಾರ. ಆಸ್ಟ್ರೇಲಿಯಾದ 8ನೇ ಡಿವಿಷನ್ ಆಗಲೇ ಮಲಯಾದಲ್ಲಿ ಹೋರಾಡುತ್ತಿತ್ತು, ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಆಮೇಲೆ ಸೈನ್ಯವನ್ನು ತಿರುಗಿಸುವ ಮಾತು ಬಿದ್ದುಹೋಯಿತು.

ಒಂದು ಡಿವಿಷನ್ನಿನ ಹಣೆಬರಹ ರಾಜಧಾನಿಗಳ ನಡುವಿನ ತಂತಿಗಳಲ್ಲಿ ತೀರ್ಮಾನ ಆಯಿತು. ಆ ಸಮಯದಲ್ಲಿ ಸೈನಿಕರು ಆಗಲೇ ಸಿಂಗಾಪುರದ ಹಡಗಿನಲ್ಲಿದ್ದರು.

ಕಡಲಂಚಿನ ಓದುಗ

ಬಯಲುಸೀಮೆ ಅವರೇ, ನಾನು ನಾವಿಕರನ್ನು ದೂರುತ್ತಿಲ್ಲ. ಅವರ ಕೆಲಸದ ಮೇಲೆ ನನಗೆ ಅಪಾರ ಗೌರವ ಇದೆ. ನಾನು ಹೇಳೋದು ಬರೆಯುವವರ ಬಗ್ಗೆ. ಹಡಗುಗಳ ಬಗ್ಗೆ ಬರೆಯುವಾಗ ಇಷ್ಟು ಪ್ರಯಾಣ, ಇಷ್ಟು ಸಾವಿರ ಜನ ಅಂತ ಲೆಕ್ಕ ಕೊಟ್ಟು ಮುಗಿಸುತ್ತಾರೆ. ವೆಸ್ಟ್ ಪಾಯಿಂಟ್ ಯುದ್ಧದಲ್ಲಿ ಒಟ್ಟು 3,50,000ಕ್ಕೂ ಜಾಸ್ತಿ ಜನರನ್ನು ಹೊತ್ತಿತು, ನಿಜ. ಆ ಲೆಕ್ಕದಲ್ಲಿ ಸಿಂಗಾಪುರಕ್ಕೆ ಹೋದವರೂ ಇದ್ದಾರೆ, ಯುದ್ಧ ಮುಗಿದು ಮನೆಗೆ ಹೊರಟವರೂ ಇದ್ದಾರೆ. ಇಬ್ಬರನ್ನೂ ಒಂದೇ ಅಂಕಿಯಲ್ಲಿ ಕೂಡಿಸಿಬಿಟ್ಟರೆ ಕಥೆ ಕಾಣುವುದಿಲ್ಲ.

ತಣ್ಣೀರುಬಾವಿ

ಒಂಟಿ ಓಡಾಟದ ಬಗ್ಗೆ ಕೇಳಿದ್ದೆ, ನಾನೇ ಸ್ವಲ್ಪ ಸೇರಿಸುತ್ತೇನೆ.

ಆಗಿನ ಜರ್ಮನ್ ಜಲಾಂತರ್ಗಾಮಿ ನೀರಿನ ಮೇಲೆ ಓಡಿದರೆ 17-18 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ನೀರಿನೊಳಗೆ 7-8 ನಾಟ್, ಅದೂ ಬ್ಯಾಟರಿ ಇರೋ ತನಕ. ವೆಸ್ಟ್ ಪಾಯಿಂಟ್ 22 ನಾಟ್ ಮೇಲೆ ಓಡುವ ಹಡಗು. ಹಿಂದಿನಿಂದ ಅಟ್ಟಿಸಿಕೊಂಡು ಬಂದು ಹಿಡಿಯೋಕೆ ಆಗೋದೇ ಇಲ್ಲ. ದಾರಿಯಲ್ಲಿ ಮೊದಲೇ ಕಾದು ಕೂತಿರಬೇಕು, ಹಡಗು ಸರಿಯಾಗಿ ಮುಂದೆಯೇ ಹಾದುಹೋಗಬೇಕು. ಅದನ್ನೂ ತಪ್ಪಿಸಲು ಹಡಗು ಆಗಾಗ ದಿಕ್ಕು ಬದಲಿಸುತ್ತಾ ಅಂಕುಡೊಂಕಾಗಿ ಓಡುತ್ತದೆ. ನಿಧಾನವಾದ ಕಾನ್ವಾಯ್ ಜೊತೆ ಕಟ್ಟಿದರೆ ಆ ವೇಗವೇ ವ್ಯರ್ಥ. ಡಿಸ್ಟ್ರಾಯರುಗಳಿಗೆ ಅಷ್ಟು ವೇಗ ಇದೆ, ಆದರೆ ಸಾಗರ ದಾಟುವಷ್ಟು ಹೊತ್ತು ಆ ವೇಗದಲ್ಲಿ ಓಡಲು ಎಣ್ಣೆ ಸಾಲದು. ಅದಕ್ಕೇ ಕ್ವೀನ್ ಮೇರಿ, ಕ್ವೀನ್ ಎಲಿಜಬೆತ್, ವೆಸ್ಟ್ ಪಾಯಿಂಟ್ ಇವನ್ನೆಲ್ಲ ನಡುಸಾಗರದಲ್ಲಿ ಒಂಟಿಯಾಗಿ ಬಿಡುತ್ತಿದ್ದರು. ಬಂದರಿನ ಹತ್ತಿರ ಮಾತ್ರ ಬೆಂಗಾವಲು, ವಿಮಾನ.

ಇನ್ನು ಒಳಗಿನ ಕಷ್ಟ. ಸಾವಿರಾರು ಜನ ಹತ್ತಿದರೆ ಮೊದಲು ಕಾಡೋದು ಸಿಹಿನೀರು. ಕುಡಿಯೋಕೆ, ಅಡುಗೆಗೆ, ಬಾಯ್ಲರಿಗೆ ಎಲ್ಲಕ್ಕೂ ಅದೇ ಬೇಕು. ಸೈನಿಕರಿಗೆ ಸ್ನಾನ ಉಪ್ಪುನೀರಲ್ಲಿ. ಸಾಬೂನು ನೊರೆ ಬರಲ್ಲ, ಮೈಯೆಲ್ಲ ಅಂಟು. ಊಟ ದಿನಕ್ಕೆ ಎರಡು ಸಲ. ಒಬ್ಬೊಬ್ಬರೂ ತಾಸುಗಟ್ಟಲೆ ಸಾಲಲ್ಲಿ. ರಾತ್ರಿ ಡೆಕ್ ಮೇಲೆ ಬೀಡಿ ಸಿಗರೇಟು ಕೂಡ ಹಚ್ಚುವಂತಿಲ್ಲ, ಕತ್ತಲಲ್ಲಿ ಒಂದು ಕಿಡಿ ಬಹಳ ದೂರಕ್ಕೆ ಕಾಣುತ್ತದೆ. ಉಷ್ಣವಲಯದಲ್ಲಿ ಕಿಟಕಿ ಮುಚ್ಚಿದ ಕೆಳಗಿನ ಡೆಕ್‌ಗಳಲ್ಲಿ ಮಲಗಿದವರ ಪಾಡು ಊಹಿಸಿ. ಎಂಜಿನ್ ರೂಮಿನವರದ್ದು ಅದಕ್ಕಿಂತ ಕಷ್ಟ.

ರೈಲುದಾರಿ

ವೇಗ ಇಲ್ಲದ ಹಡಗಿಗೆ ಏನಾಗುತ್ತಿತ್ತು ಅನ್ನೋದಕ್ಕೆ ಎಂಪ್ರೆಸ್ ಆಫ್ ಏಷ್ಯಾ ನೋಡಿ. ವೆಸ್ಟ್ ಪಾಯಿಂಟ್ ಹೋದ ಮೇಲೆ ಬಂದ ಮುಂದಿನ ಕಾನ್ವಾಯ್‌ನಲ್ಲಿ ಇತ್ತು. ಕಲ್ಲಿದ್ದಲಿನಿಂದ ಓಡುವ ಹಳೆ ಹಡಗು. ಫೆಬ್ರವರಿ 5ರಂದು ಸಿಂಗಾಪುರದ ಹೊರಗೆ ವಿಮಾನಗಳು ಬಾಂಬ್ ಹಾಕಿ ಸುಟ್ಟವು. ಆಸ್ಟ್ರೇಲಿಯಾದ ಯಾರಾ ಅನ್ನೋ ಯುದ್ಧಹಡಗು ಪಕ್ಕಕ್ಕೇ ಬಂದು ನಿಂತು ಬಹುಪಾಲು ಜನರನ್ನು ಉಳಿಸಿತು. ಜನ ಉಳಿದರು, ಅವರ ಆಯುಧ ಸಾಮಾನು ಸುಟ್ಟುಹೋದವು.

ಕರಾವಳಿ ಕಣ್ಣು

ನೀವೆಲ್ಲ ದೊಡ್ಡ ಹಡಗುಗಳ ಬಗ್ಗೆ ಹೇಳುತ್ತಿದ್ದೀರಿ. ನಮ್ಮ ಖಲಾಸಿಗಳು ದುಡಿದ ಹಡಗಿನದ್ದೂ ಒಂದು ಕಥೆ ಇಲ್ಲಿ ಇರಲಿ.

ರೋಹ್ನಾ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು, 1926ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ್ದು, 8,602 ಟನ್. ಇದರ ಜೋಡಿ ಹಡಗು ರಾಜುಲಾ. ಎರಡೂ ಮದರಾಸು, ನಾಗಪಟ್ಟಣ, ಪೆನಾಂಗ್, ಸಿಂಗಾಪುರ ದಾರಿಗೆ ಅಂತ ಬಂದವು. ರಬ್ಬರ್ ತೋಟದ ಕೂಲಿಗೆ, ವ್ಯಾಪಾರಕ್ಕೆ ಹೋಗುವವರು ಡೆಕ್ ಮೇಲೆ ಚಾಪೆ ಹಾಸಿ ಪ್ರಯಾಣ ಮಾಡುತ್ತಿದ್ದರು. ಯುದ್ಧ ಬಂದಾಗ ರೋಹ್ನಾವನ್ನೂ ಸೈನಿಕರ ಹಡಗು ಮಾಡಿದರು.

1943ರ ನವೆಂಬರ್ 25ರಂದು ಅಲ್ಜೀರಿಯಾದ ಓರಾನಿನಲ್ಲಿ ಸುಮಾರು 2,000 ಅಮೆರಿಕನ್ ಸೈನಿಕರು ಇದನ್ನು ಹತ್ತಿದರು. ಸೂಯೆಜ್ ಮೂಲಕ ಭಾರತಕ್ಕೆ, ಚೀನಾ-ಬರ್ಮಾ-ಭಾರತ ರಣರಂಗಕ್ಕೆ ಹೊರಟವರು. ಮರುದಿನ ಸಂಜೆ ಅಲ್ಜೀರಿಯಾದ್ದೇ ಬೂಜಿ ತೀರದ ಆಚೆ ಜರ್ಮನ್ ವಿಮಾನಗಳು ಕಾನ್ವಾಯ್ ಮೇಲೆ ಎರಗಿದವು. ಒಂದು ಹೈಂಕೆಲ್ 177 ವಿಮಾನ ಎಚ್ಎಸ್ 293 ಅನ್ನೋ ಬಾಂಬನ್ನು ಬಿಟ್ಟಿತು. ಸಾಮಾನ್ಯ ಬಾಂಬ್ ಅಲ್ಲ. ರೆಕ್ಕೆ ಇತ್ತು, ರಾಕೆಟ್ ಎಂಜಿನ್ ಇತ್ತು. ವಿಮಾನದಲ್ಲಿ ಕೂತವನು ರೇಡಿಯೊ ಮೂಲಕ ಅದನ್ನು ಗುರಿಯ ಕಡೆ ನಡೆಸುತ್ತಿದ್ದ. ಅದು ರೋಹ್ನಾದ ಮಗ್ಗುಲನ್ನು ಸೀಳಿ ಒಳಗೆ ಸಿಡಿಯಿತು.

1,100ಕ್ಕೂ ಜಾಸ್ತಿ ಜನ ಸತ್ತರು. ಅದರಲ್ಲಿ 1,015 ಅಮೆರಿಕನ್ ಸೈನಿಕರು. ಶತ್ರು ದಾಳಿಯಿಂದ ಕಡಲಿನಲ್ಲಿ ಒಂದೇ ಹಡಗಿನಲ್ಲಿ ಅಮೆರಿಕದ ಭೂಸೇನೆಗೆ ಇಷ್ಟು ದೊಡ್ಡ ನಷ್ಟ ಬೇರೆ ಆಗಿಲ್ಲ. ಕತ್ತಲು, ದೊಡ್ಡ ಅಲೆ, ತಣ್ಣೀರು. ದೋಣಿಗಳಲ್ಲಿ ಹಲವು ಸುಟ್ಟಿದ್ದವು, ಕೆಲವು ಇಳಿಸಲಾಗದೆ ಸಿಕ್ಕಿಕೊಂಡವು. ಅಮೆರಿಕದ ಪಯೊನೀರ್ ಅನ್ನೋ ಸಣ್ಣ ಮೈನ್‌ಸ್ವೀಪರ್ (ಕಡಲಿನ ಸಿಡಿಗುಂಡು ತೆಗೆಯುವ ಹಡಗು) ಒಂದೇ 606 ಜನರನ್ನು ಎತ್ತಿತು. ಹೊಸ ಆಯುಧದ ವಿಷಯ ಹೊರಬೀಳಬಾರದು ಅಂತ ಇಡೀ ಘಟನೆಯನ್ನು ಗುಟ್ಟಾಗಿಟ್ಟರು. ಬದುಕಿ ಬಂದವರಿಗೂ ಬಾಯಿ ಬಿಡಬಾರದು ಅಂತ ಆದೇಶ. ಅಮೆರಿಕದ ಕಾಂಗ್ರೆಸ್ ಇವರನ್ನು ನೆನೆದು ನಿರ್ಣಯ ಮಾಡಿದ್ದು 2000ದಲ್ಲಿ.

ಈಗ ನಾನು ಹೇಳಬೇಕಾದ್ದು. ರೋಹ್ನಾದ ಸಿಬ್ಬಂದಿ 195 ಜನ, ಬಹುಪಾಲು ಭಾರತೀಯರು. ಅವರಲ್ಲಿ ಸುಮಾರು 120 ಜನ ಸತ್ತರು. ಖಲಾಸಿಗಳು ತಾವು ಮೊದಲು ದೋಣಿ ಹತ್ತಿ ಓಡಿಹೋದರು ಅಂತ ಕೆಲವರು ಈಗಲೂ ಬರೆಯುತ್ತಾರೆ. ಲೆಕ್ಕ ನೋಡಿ ಸ್ವಾಮಿ. ಸೈನಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರೆ, ಸಿಬ್ಬಂದಿಯಲ್ಲಿ ಸತ್ತವರು ಅರ್ಧಕ್ಕಿಂತ ಎಷ್ಟೋ ಜಾಸ್ತಿ. ಓಡಿಹೋದವರು ಹೀಗೆ ಸಾಯುತ್ತಾರಾ?

ತಣ್ಣೀರುಬಾವಿ

ಕರಾವಳಿ ಕಣ್ಣು ಅವರ ಮಾತಿಗೆ ನಾನೂ ದನಿಗೂಡಿಸುತ್ತೇನೆ. ಎಂಜಿನ್ ರೂಮಿನ ಹತ್ತಿರ ಬಾಂಬ್ ಸಿಡಿದರೆ ಮೊದಲು ಸಾಯೋದು ಕೆಳಗೆ ಡ್ಯೂಟಿಯಲ್ಲಿ ಇರುವವರು. ಅವರಿಗೆ ಮೇಲೆ ಬರೋಕೆ ಇರೋದು ಕಿರಿದಾದ ಏಣಿ ಮಾತ್ರ. ಇದು ಹಡಗಿನಲ್ಲಿ ದುಡಿದ ಯಾರಿಗಾದರೂ ಗೊತ್ತು.

ಬಯಲುಸೀಮೆ

ರಾಜುಲಾ ಏನಾಯಿತು?

ಕರಾವಳಿ ಕಣ್ಣು

ರಾಜುಲಾ ಯುದ್ಧ ದಾಟಿ ಉಳಿಯಿತು. ಆಮೇಲೂ ಮದರಾಸು–ಸಿಂಗಾಪುರ ದಾರಿಯಲ್ಲೇ ಓಡಿತು. 1973ರಲ್ಲಿ ಶಿಪ್ಪಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ಕೊಂಡು ರಂಗತ್ ಅಂತ ಹೆಸರಿಟ್ಟಿತು. ಹೆಚ್ಚು ಕಾಲ ಓಡಲಿಲ್ಲ, ಗುಜರಿಗೆ ಹೋಯಿತು.

ಮಲೆನಾಡ ಮಳೆ

ರೋಹ್ನಾದ ಸೈನಿಕರು ಬರುತ್ತಿದ್ದ ರಣರಂಗಕ್ಕೂ ಬೆಂಗಳೂರಿಗೂ ನೇರ ಸಂಬಂಧ ಇತ್ತು. 1943ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ವಾಯುಸೇನೆಯ ಕೈಗೆ ಕೊಟ್ಟಿದ್ದರು. 84ನೇ ಏರ್ ಡಿಪೊ ಅಂತ ಕರೆಯುತ್ತಿದ್ದರು. ಈ ರಣರಂಗದ ವಿಮಾನಗಳು ರಿಪೇರಿಗೆ ಅಲ್ಲಿಗೆ ಬರುತ್ತಿದ್ದವು. ಅದೇ ಬೆಂಗಳೂರಿನ ಜಾಲಹಳ್ಳಿ ಕಡೆ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಆ ಕೈದಿಗಳೂ ಉತ್ತರ ಆಫ್ರಿಕಾದಿಂದ ಹಡಗಿನಲ್ಲೇ ಬಂದವರು.

ಸಿಂಗಾಪುರದ ಕೊಂಡಿ ಇನ್ನೂ ಹತ್ತಿರದ್ದು. ಮೈಸೂರು ಸಂಸ್ಥಾನದ ಪಡೆ, 1ನೇ ಮೈಸೂರು ಇನ್‌ಫೆಂಟ್ರಿ, ಆ ದ್ವೀಪದಲ್ಲಿತ್ತು. ವೆಸ್ಟ್ ಪಾಯಿಂಟಿನಿಂದ ಇಳಿದ ಇಂಗ್ಲಿಷ್ ಸೈನಿಕರ ಜೊತೆಗೇ ಇವರೂ ಸೆರೆಯಾದರು. ಸಿಂಗಾಪುರದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರು 40,000ಕ್ಕೂ ಜಾಸ್ತಿ. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದ ಎಷ್ಟೋ ಜನರನ್ನು ಜಪಾನಿಯರು ಕೂಲಿಗಾಗಿ ನ್ಯೂಗಿನಿ ತನಕ ಒಯ್ದರು.

ಕಡಲಂಚಿನ ಓದುಗ

ಮೈಸೂರು ಇನ್‌ಫೆಂಟ್ರಿಯ ವಿಷಯ ಇಲ್ಲಿ ಬಂದದ್ದು ಬಹಳ ಒಳ್ಳೆಯದಾಯಿತು. ಅದಕ್ಕೇ ಒಂದು ಪ್ರತ್ಯೇಕ ಚರ್ಚೆ ಬೇಕು.

ವೆಸ್ಟ್ ಪಾಯಿಂಟಿನ ಉಳಿದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಸಿಂಗಾಪುರದ ನಂತರ ಸೂಯೆಜ್‌ಗೆ ಹೋಗಿ, ಮಧ್ಯಪ್ರಾಚ್ಯದಲ್ಲಿದ್ದ ಆಸ್ಟ್ರೇಲಿಯಾದ ಸೈನಿಕರನ್ನು ಅವರ ದೇಶಕ್ಕೆ ವಾಪಸ್ ಮುಟ್ಟಿಸಿತು. ಜಪಾನ್ ಅವರ ಮನೆ ಬಾಗಿಲಿಗೇ ಬಂದಿತ್ತು. ಆಮೇಲೆ ಪೆಸಿಫಿಕ್, ಅಟ್ಲಾಂಟಿಕ್ ಎರಡೂ ಕಡೆ ಬಿಡುವಿಲ್ಲದ ಓಡಾಟ. 1944ರಲ್ಲಿ ಒಂದೇ ಪ್ರಯಾಣದಲ್ಲಿ ಸಿಬ್ಬಂದಿ, ಸೈನಿಕರು, ರೆಡ್ ಕ್ರಾಸಿನವರು ಎಲ್ಲ ಸೇರಿ 9,305 ಜನ ಇದ್ದರು. 1946ರ ಫೆಬ್ರವರಿ ಹೊತ್ತಿಗೆ ನೌಕಾಪಡೆಯ ಸೇವೆ ಮುಗಿಯಿತು.

ವೇಕ್‌ಫೀಲ್ಡಿನ ಹಣೆಬರಹ ಬೇರೆ. ಸಿಂಗಾಪುರದ ಬಾಂಬಿನಿಂದ ಉಳಿದು, 1942ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಕ್ ನಡುವೆ ಬೆಂಕಿ ಹತ್ತಿ ಸುಟ್ಟಿತು. ಹಡಗಿನಲ್ಲಿದ್ದವರನ್ನೆಲ್ಲ ಉಳಿಸಿಕೊಂಡರು. ಹಡಗನ್ನು ಎಳೆದು ತಂದು, ಹೊಸದಾಗಿ ಕಟ್ಟಿ ಮತ್ತೆ ಸೇವೆಗೆ ಇಳಿಸಿದರು.

ಯುದ್ಧದ ನಂತರ ವೆಸ್ಟ್ ಪಾಯಿಂಟಿಗೆ ಹಳೆ ಹೆಸರು ಅಮೆರಿಕ ಮರಳಿ ಬಂತು. ಕೊನೆಗೂ ಅಟ್ಲಾಂಟಿಕ್ ದಾರಿಯಲ್ಲಿ ಪ್ರಯಾಣಿಕರನ್ನು ಹೊತ್ತಿತು. 1964ರಲ್ಲಿ ಗ್ರೀಸಿನ ಚಂದ್ರಿಸ್ ಕಂಪನಿ ಕೊಂಡು ಆಸ್ಟ್ರಾಲಿಸ್ ಅಂತ ಹೆಸರಿಟ್ಟಿತು. ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವವರನ್ನು ವರ್ಷಗಟ್ಟಲೆ ಸಾಗಿಸಿತು. ಆಮೇಲೆ ಕೈಯಿಂದ ಕೈಗೆ ಹೋಗಿ ಇಟಾಲಿಸ್, ನೋಗಾ, ಅಲ್ಫರ್ಡೋಸ್, ಅಮೆರಿಕನ್ ಸ್ಟಾರ್ ಅಂತ ಹೆಸರು ಬದಲಾಗುತ್ತಾ ಹೋಯಿತು. ಥಾಯ್ಲೆಂಡಿನ ಫುಕೆಟ್‌ನಲ್ಲಿ ತೇಲುವ ಹೋಟೆಲ್ ಮಾಡೋಣ ಅಂತ 1993ರ ಕೊನೆಗೆ ಟಗ್ (ಎಳೆಯುವ ಹಡಗು) ಕಟ್ಟಿ ಎಳೆದುಕೊಂಡು ಹೊರಟರು. ಬಿರುಗಾಳಿಗೆ ಎಳೆಯುವ ಹಗ್ಗ ಹರಿಯಿತು. 1994ರ ಜನವರಿ 18ರಂದು ಕೆನರಿ ದ್ವೀಪಗಳ ಫ್ಯುಯೆರ್ಟೆವೆಂಟುರಾದ ತೀರಕ್ಕೆ ಹೋಗಿ ಬಡಿಯಿತು, ಎರಡು ದಿನದಲ್ಲಿ ನಡುವೆ ಮುರಿಯಿತು.

ಹೊಸ ಸದಸ್ಯ

ನಮಸ್ಕಾರ. ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ, ಇವತ್ತು ಕೇಳಬೇಕು ಅನ್ನಿಸಿತು. ನಮ್ಮ ಅಜ್ಜಿಯ ಅಣ್ಣ ಸಿಂಗಾಪುರದ ಯುದ್ಧಕ್ಕೆ ಹೋಗಿ ಬರಲೇ ಇಲ್ಲ ಅಂತ ಮನೆಯಲ್ಲಿ ಹೇಳುತ್ತಾರೆ. ಯಾವ ಪಡೆ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಿ ಹುಡುಕಬೇಕು?

ಮಲೆನಾಡ ಮಳೆ

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಿ, ದುಡ್ಡು ಕೊಡಬೇಕಾಗಿಲ್ಲ. ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ ಸಮಾಧಿ ಸಿಗದ 24,000ಕ್ಕೂ ಜಾಸ್ತಿ ಜನರ ಹೆಸರು ಕೆತ್ತಿದ್ದಾರೆ. ಭಾರತೀಯರು ಬಹಳ ಮಂದಿ ಅದರಲ್ಲಿದ್ದಾರೆ. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕಾರು ರೀತಿ ಬರೆದು ನೋಡಿ, ಆಗಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ. ಎಷ್ಟೋ ದಾಖಲೆಗಳಲ್ಲಿ ಅಪ್ಪನ ಹೆಸರು, ಊರಿನ ಹೆಸರೂ ಇರುತ್ತದೆ. ಹಳ್ಳಿಯ ಹೆಸರನ್ನೂ ಹಾಕಿ ಹುಡುಕಿ. ಮನೆಯಲ್ಲಿ ಹಳೆ ಪಿಂಚಣಿ ಕಾಗದ, ಪದಕ ಏನಾದರೂ ಇದ್ದರೆ ಅಂಚಿನಲ್ಲಿ ನಂಬರ್ ಇದೆಯಾ ನೋಡಿ. ಆ ಸೇನಾ ನಂಬರ್ ಸಿಕ್ಕಿದರೆ ಪಡೆ ಯಾವುದು ಅಂತ ಪತ್ತೆ ಮಾಡೋದು ಸುಲಭ.

ಕರಾವಳಿ ಕಣ್ಣು

ಅವರು ಸೈನಿಕರಲ್ಲದೆ ಹಡಗಿನ ಕೆಲಸಕ್ಕೆ ಹೋದವರಾಗಿದ್ದರೆ ಮುಂಬಯಿಯ 1939–1945 ಯುದ್ಧ ಸ್ಮಾರಕದ ಪಟ್ಟಿಯಲ್ಲಿ ನೋಡಿ. ಮಸೀದಿ ಬಂದರಿನ ಹತ್ತಿರ, ನಾವಿಕರ ವಸತಿಗೃಹದಲ್ಲಿದೆ. ಅದೂ, ಬಾಂಗ್ಲಾದೇಶದ ಚಟ್ಟಗಾಂವಿನಲ್ಲಿರುವ ಪ್ರತಿಯೂ ಒಂದೇ ಪಟ್ಟಿ. ಮರ್ಚೆಂಟ್ ನೇವಿಯ ಸುಮಾರು 6,000 ಭಾರತೀಯರ ಹೆಸರು ಅದರಲ್ಲಿವೆ. ಹಡಗಿನ ಹೆಸರು ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ಇಲ್ಲಿ ಹಾಕಿ, ಆ ಹಡಗು ಎಲ್ಲೆಲ್ಲಿ ಓಡಾಡಿತು ಅಂತ ಎಲ್ಲರೂ ಸೇರಿ ನೋಡೋಣ.